ಹದಿನೆಂಟು ಸೆಕೆಂಡು

ಶವದ ಗಾಡಿಯ ಚಾಲಕ ಕೆಂಪು ದೀಪ ಕಂಡೂ ಕಾಣದವನಂತೆ ಮುಂದಕ್ಕೆ ಬಿಡಲು ಹೊರಟಿದ್ದ. ಪಕ್ಕದಲ್ಲಿ ಕೂತಿದ್ದ ಮುದುಕಿ ಅವನ ಮುಂಗೈ ಹಿಡಿದಳು.

"ನಿಲ್ಲಿಸಪ್ಪ. ಇದು ನಮ್ಮನೆಯವರದೇ ಸಿಗ್ನಲ್ಲು."

ರಸ್ತೆ ದಾಟುವವರು ಒಬ್ಬರೂ ಇರಲಿಲ್ಲ. ಸತ್ತವರ ಗಾಡಿ ನುಗ್ಗಿದರೆ ಯಾವ ಪೊಲೀಸರೂ ಚಕಾರ ಎತ್ತುವುದಿಲ್ಲ ಎಂದು ಅವನು ಮೆಲ್ಲಗೆ ಹೇಳಿನೋಡಿದ. ಅವಳು ಜಗ್ಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದ್ದೇನೆ, ಈ ದೀಪಕ್ಕೆ ಹಾಕಿದಷ್ಟು ಶಾಪ ಇನ್ಯಾರಿಗೂ ಹಾಕಿಲ್ಲ, ಆದರೂ ಒಂದು ದಿನವೂ ಕೆಂಪಿನಲ್ಲಿ ದಾಟಿಸಲಿಲ್ಲ ಎಂದಳು. ಹಿಂದೆ ಅಪ್ಪನ ಪೆಟ್ಟಿಗೆಯ ಪಕ್ಕ ಕೂತು ಬೆಳಗಿನಿಂದ ಅಳುತ್ತಿದ್ದ ಮಗಳು ಕಿಸಕ್ಕನೆ ನಕ್ಕುಬಿಟ್ಟಳು.

*

ಮುದುಕಿ ಬಸ್ಸು ಓಡಿಸುತ್ತಿದ್ದ ಕಾಲ; ಆಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಈ ಸಿಗ್ನಲ್ಲಿನಲ್ಲಿ ಜನ ದಾಟಲೆಂದು ವಾಹನಗಳಿಗೆ ಮೂವತ್ತೆರಡು ಸೆಕೆಂಡು ಕೆಂಪು. ಬಸ್ಸು ದಿನಾ ತಡ. ಡಿಪೋದಲ್ಲಿ ಉಗಿಸಿಕೊಂಡು ಸಾಕಾಗಿ, ಒಂದು ದಿನ ಯೂನಿಫಾರಂನಲ್ಲೇ ಸಂಚಾರ ಕಚೇರಿಗೆ ನುಗ್ಗಿದಳು. ದೀಪಗಳ ಸೆಕೆಂಡು ಗೊತ್ತುಮಾಡುವ ಗುಮಾಸ್ತ ಅವಳ ಕೂಗಾಟವನ್ನೆಲ್ಲ ತಾಳ್ಮೆಯಿಂದ ಕೇಳಿ, ನಾಳೆ ಸಿಗ್ನಲ್ ಹತ್ತಿರ ಬನ್ನಿ ಎಂದ. ಹೋದರೆ ತನ್ನ ಮುದಿ ತಾಯಿಯ ಕೈಯನ್ನು ಅವಳ ಕೈಯಲ್ಲಿಟ್ಟು, ದಾಟಿಸಿ ಎಂದ. ಆಚೆ ಬದಿ ಇನ್ನೂ ಎರಡು ಹೆಜ್ಜೆ ಇರುವಾಗಲೇ ಮೂವತ್ತೆರಡೂ ಮುಗಿದು, ಲಾರಿಯವನು ಹಾರನ್ ಹೊಡೆದು ಇಬ್ಬರ ಎದೆಯನ್ನೂ ನಡುಗಿಸಿದ.

ಅಷ್ಟಕ್ಕೆ ಸುಮ್ಮನಾಗುವವಳಲ್ಲ ಅವಳು. ಮರುದಿನ ಅವನನ್ನು ತನ್ನ ಸೀಟಿನ ಹಿಂದೆಯೇ ಕೂರಿಸಿಕೊಂಡು, ಬೆಳಗಿನ ಜನಜಂಗುಳಿಯಲ್ಲಿ ಮೂರು ಟ್ರಿಪ್ ಹೊಡೆಸಿದಳು. ಪ್ರತಿ ಕೆಂಪಿಗೂ ಪ್ರಯಾಣಿಕರು ಲೊಚಗುಟ್ಟುವುದು, ಆಸ್ಪತ್ರೆಗೆ ಹೊರಟ ಬಸುರಿಯೊಬ್ಬಳು ಮತ್ತೆಮತ್ತೆ ಗಡಿಯಾರ ನೋಡಿಕೊಳ್ಳುವುದು ಕಂಡು ಅವನ ಮುಖ ಸಪ್ಪಗಾಯಿತು.

ಎರಡು ತಿಂಗಳು ಇಬ್ಬರೂ ಕಾದಾಡಿದರು. ಕೊನೆಗೆ ಅವನು ಮೇಲಿನವರ ಬೆನ್ನುಬಿದ್ದು, ರಸ್ತೆಯ ನಡುವೆ ನಾಲ್ಕು ಜನ ನಿಲ್ಲುವಷ್ಟು ಕಟ್ಟೆ ಕಟ್ಟಿಸಿದ. ನಡೆಯುವವರು ಅರ್ಧ ದಾಟಿ, ಸುಧಾರಿಸಿಕೊಂಡು, ಇನ್ನರ್ಧ ದಾಟುವುದು. ಒಂದೊಂದು ಕಡೆಯ ವಾಹನಕ್ಕೆ ಹದಿನೆಂಟೇ ಸೆಕೆಂಡು ಕೆಂಪು. ಅದನ್ನು ತೋರಿಸಲೆಂದು ಕರೆದುಕೊಂಡು ಹೋದವನು, ಕಟ್ಟೆಯ ಮೇಲೆ ನಿಂತಿದ್ದಾಗ, ಎರಡೂ ಕಡೆ ವಾಹನಗಳು ಭರ್ರನೆ ಹರಿಯುತ್ತಿದ್ದಾಗ, ಮದುವೆಯ ಮಾತೆತ್ತಿದ.

"ಓಡಿಹೋಗೋಕೆ ದಾರಿ ಎಲ್ಲಿತ್ತು? ಹೂಂ ಅಂದೆ" ಎಂದು ಅವಳು ಎಷ್ಟು ಜನರ ಮುಂದೆ ಹೇಳಿ ನಕ್ಕಿದ್ದಳೋ.

*

ಗುಂಡಿಗೆ ಮಣ್ಣು ಹಾಕಿ ಕೈ ಝಾಡಿಸುತ್ತ, ಡಿಪೋದ ಹಳೆಯ ಚಾಲಕನೊಬ್ಬ, ಈ ಮಹಾರಾಯ ನನ್ನ ಆಯುಸ್ಸಿನಲ್ಲಿ ಒಂದು ತಿಂಗಳನ್ನಾದರೂ ಆ ದೀಪದ ಮುಂದೆ ಕಳೆಸಿರಬೇಕು ಎಂದ.

"ಆ ತಿಂಗಳು ನನಗೆ ಸಿಕ್ತು ಬಿಡಿ" ಎಂದ, ಊರುಗೋಲು ಹಿಡಿದು ಬಂದಿದ್ದ ಪಕ್ಕದ ಬೀದಿಯ ಅಜ್ಜ.

ಎಲ್ಲರಿಗಿಂತ ಹೆಚ್ಚು ನಕ್ಕವಳು ಮುದುಕಿಯೇ. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂತು.

ಮನೆಗೆ ನಡೆದೇ ಬರುತ್ತೇನೆಂದು ಹಟ ಹಿಡಿದಳು. ಸಿಗ್ನಲ್ ಹತ್ತಿರ ಮಗಳು ತೋಳು ಹಿಡಿಯಲು ಬಂದರೆ ಕೊಸರಿಕೊಂಡು ತಾನೇ ಮುಂದೆ ಹೊರಟಳು. ಕಾಲು ಹೇಳಿದ ಮಾತು ಕೇಳಲಿಲ್ಲ. ಕೆಂಪಿಗೆ ನಿಂತಿದ್ದ ಬಸ್ಸೊಂದರ ಮುಂದೆ ಬರುವಷ್ಟರಲ್ಲಿ ವಾಹನಗಳಿಗೆ ಹಸಿರು ಬಿದ್ದಾಗಿತ್ತು. ಬಸ್ಸಿನ ಚಾಲಕಿ, ಚಿಕ್ಕ ವಯಸ್ಸಿನವಳು, ಸ್ಟಿಯರಿಂಗಿನ ಮೇಲೆ ಕೈ ಮಡಿಚಿ, ಅದಕ್ಕೆ ಗದ್ದ ಊರಿ ಕೂತಿದ್ದಳು. ಹಿಂದಿನಿಂದ ಯಾರೋ ಹಾರನ್ ಒತ್ತಿದರು.

ಮುದುಕಿ ಬಸ್ಸಿನ ಎದುರಿಗೇ ನಿಂತುಬಿಟ್ಟಳು.

"ಏನಮ್ಮ ಕೂತಿದೀಯ? ಹೊರಡು, ಟೈಮಾಗ್ತಾ ಇದೆ" ಎಂದು ಎರಡೂ ಕೈ ಬೀಸಿ ಗದರಿದಳು.

ಚಾಲಕಿ ಹುಡುಗಿ ನಕ್ಕಳು; ಬಸ್ಸನ್ನು ಮಾತ್ರ ಅಲುಗಿಸಲಿಲ್ಲ.