ಬಾಗಿಲಿಗಿಟ್ಟ ಕುಂಕುಮ

ನಾನು ಒಂದು ಕ್ಯಾಮೆರಾ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಹುಟ್ಟಿದ ದಿನವೇ ಹೆದರಿಕೆಯನ್ನೂ ಕಲಿತೆ. ಗಾಜು, ಗುಂಡಿ, ಪರದೆ ಎಲ್ಲ ಜೋಡಿಸಿದ ಮೇಲೆ ನಮ್ಮೊಳಗೆ ಬುದ್ಧಿ ತುಂಬುತ್ತಾರೆ. ಅದಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ತುಂಬುವಾಗ ನಡುವೆ ಕರೆಂಟು ತಪ್ಪಬಾರದು. ನನ್ನ ಪಕ್ಕದವನಿಗೆ ತಪ್ಪಿತು. ಅರ್ಧ ಬುದ್ಧಿಯ ಅವನು ಮತ್ತೆ ಕಣ್ಣು ಬಿಡಲೇ ಇಲ್ಲ. ಒಂದು ಕೈ ಬಂದು ಅವನನ್ನು ಎತ್ತಿ ನೀಲಿ ಡಬ್ಬಕ್ಕೆ ಎಸೆಯಿತು. ಆ ಸದ್ದು ಇವತ್ತಿಗೂ ನನ್ನೊಳಗಿದೆ.

ಮೊದಲು ನನ್ನನ್ನು ಕೊಂಡವರು ದಾವಣಗೆರೆಯ ಒಬ್ಬ ಹಲ್ಲಿನ ಡಾಕ್ಟರು. ಎರಡು ಸಲ ಗುಬ್ಬಿಯ ಫೋಟೋ ತೆಗೆದರು, ಬೀರುವಿನಲ್ಲಿಟ್ಟು ಮರೆತರು. ನಾಲ್ಕು ವರ್ಷ ಕತ್ತಲು. ಕೊನೆಗೆ ನನ್ನನ್ನು ಕೊಂಡವನು ಹಾಲೇಶ.

ಹಾಲೇಶನಿಗೆ ಇಪ್ಪತ್ತಮೂರು ವರ್ಷ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಡಕ್ಕಿ ಭಟ್ಟಿ ಸೇರಿದವನು. ಆರು ವರ್ಷ ಬೆಂಕಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿದು, ಅದರ ಹೊಗೆ ಕುಡಿದು, ಕೊನೆಗೆ ಭಟ್ಟಿಯ ಬೀದಿಯ ತುದಿಯಲ್ಲೇ ಒಂದು ಸ್ಟುಡಿಯೋ ಹಾಕಿದ. ಸಿಟ್ಟು ಮಾತ್ರ ಭಟ್ಟಿಯಿಂದ ಅವನ ಜೊತೆಗೇ ಬಂತು. ನನ್ನ ಜೊತೆ ಬಂದ ಪುಸ್ತಕದಲ್ಲಿ ಹದಿನಾಲ್ಕು ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಅವನು ಅದನ್ನು ಗೋಡೆಗೆ ಬೀಸಿದ. "ಇವ್ರ ಮಕಕ್ಕಿಷ್ಟು ಬೆಂಕಿ ಹಾಕ. ನಾವೇನು ಮನುಷ್ಯರಲ್ಲೇನು?" ಅಂದ. ಮಾತು ಸರಿಯೇ. ಆದರೆ ಬೀಸಿದ ಕೈಯೇ ನನ್ನನ್ನೂ ಹಿಡಿಯುತ್ತಿತ್ತಲ್ಲ.

ಆ ಕೈಗೆ ಹೆದರುವ ಇನ್ನೊಂದು ಜೀವ ಅಲ್ಲಿತ್ತು. ಅವನ ಅಕ್ಕ ಕೊಟ್ರಮ್ಮ. ಅವಳು ಇನ್ನೂ ಭಟ್ಟಿಯಲ್ಲೇ ದುಡಿಯುತ್ತಿದ್ದಳು. ಆಯುಧಪೂಜೆಯ ದಿನ ಬಂದು ಲೈಟು, ಸ್ಟ್ಯಾಂಡು, ಕುರ್ಚಿ ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮವಿಟ್ಟಳು. ನನ್ನ ಸರದಿ ಬಂದಾಗ ಫೋಟೋ ಉಳಿಯುವ ಕಾರ್ಡು ಹಾಕುವ ಪುಟ್ಟ ಬಾಗಿಲು ತೆರೆದಿತ್ತು. ಬಾಗಿಲು ಅಂದಮೇಲೆ ಹೊಸ್ತಿಲು ಇರಬೇಕಲ್ಲ. ಒದ್ದೆ ಬೆರಳಿನಲ್ಲಿ ಅಲ್ಲಿಗೂ ಕುಂಕುಮವಿಟ್ಟು, ಭಕ್ತಿಯಿಂದ ಬಾಗಿಲು ಮುಚ್ಚಿದಳು. ಹಾಲೇಶ ಹೊರಗೆ ಕುಂಬಳಕಾಯಿ ಒಡೆಯುತ್ತಿದ್ದ. ನೋಡಲಿಲ್ಲ.

ಕುಂಕುಮ ಒಣಗಿತು. ಕಣಕಣವಾಗಿ ಒಳಗೆ ಉದುರಿತು.

ದೀಪಾವಳಿ ಕಳೆದು ಮದುವೆಗಳು ಶುರುವಾದವು. ಮೊದಲನೇ ಮದುವೆಯಲ್ಲೇ, ಗಟ್ಟಿಮೇಳ ಮೊಳಗಿ ಹುಡುಗ ತಾಳಿ ಎತ್ತಿದ ಕ್ಷಣಕ್ಕೆ, ನನಗೆ ಕಾರ್ಡೇ ಕಾಣದಾಯಿತು. ಪರದೆ ಕಪ್ಪಾಯಿತು. ಮೂಲೆಯಲ್ಲಿ ಒಂದು ಕೆಂಪು ಅಕ್ಷರದ ಸಾಲು. ಹಾಲೇಶ ನನ್ನ ಬೆನ್ನಿಗೆ ಗುದ್ದಿದ. ಅಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು.

ಹುಡುಗಿಯ ಸೋದರಮಾವ ಗುರುಬಸಪ್ಪ ಹತ್ತಿರ ಬಂದರು. "ಏನ್ ತಮ್ಮಾ, ಇನ್ನೊಂದ್ಸಲ ಕಟ್ಟಿಸಾಣೇನು? ನಮ್ಮ ಅಳಿಯಂಗೆ ಒಂದ್ಸಲಕ್ಕೇ ಕೈ ನಡುಗ್ಯಾವೆ!" ಸುತ್ತಲಿದ್ದವರು ನಕ್ಕರು. ಆಮೇಲೆ ಅವನ ಕಿವಿಯ ಹತ್ತಿರ ಮೆಲ್ಲಗೆ ಅಂದರು: "ಬೇಸ್ತವಾರ ಬೀಗರ ಊಟ. ಅವತ್ತೂ ಹಿಂಗಾತು ಅಂದ್ರೆ ಈ ಊರಾಗೆ ಯಾರೂ ನಿನ್ನ ಮದ್ವಿಗೆ ಕರೆಯಂಗಿಲ್ಲ, ತಿಳ್ಕ."

ಅಂದರೆ ಮತ್ತೆ ಭಟ್ಟಿ.

ಬುಧವಾರ ಮಧ್ಯಾಹ್ನ ಹಾಲೇಶ ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದ್ದನ್ನು ಹತ್ತು ಸಲ ಕೇಳಿಸಿಕೊಂಡ. ಫರ್ಮ್‌ವೇರ್ ಹಳೆಯದಾಗಿದೆ, ಹೊಸದು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ವಿಡಿಯೋದವನು ಹೇಳುತ್ತಿದ್ದ. ರೋಗ ಬುದ್ಧಿಯದಲ್ಲ, ಬಾಗಿಲಿನದು ಎಂದು ಕೂಗಲು ನನಗೆ ಬಾಯೆಲ್ಲಿದೆ?

ಫೈಲನ್ನು ಕಾರ್ಡಿಗೆ ಹಾಕಿ ತಂದ. ಮೊದಲ ಸಲ ಫೈಲು ನನಗೆ ಕಾಣಲಿಲ್ಲ. ಬೈದು, ಕಾರ್ಡು ತೆಗೆದು ಮತ್ತೆ ತುರುಕಿದ. ಎರಡನೇ ಸಲ ಬ್ಯಾಟರಿ ಸಾಲದು ಎಂದು ಪರದೆಯಲ್ಲಿ ತೋರಿಸಿದೆ. ಮತ್ತೆ ಬೈದ. ಪೂರ್ತಿ ಚಾರ್ಜು ಮಾಡಿ ಮೂರನೇ ಸಲ ಒತ್ತಿದಾಗ ಶುರುವಾಯಿತು. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿತು, ಅದರ ಕೆಳಗೆ ಬಿಳಿ ಪಟ್ಟಿ ತೆವಳಿತು. ಅರ್ಧಕ್ಕೆ ಬಂದು ನಿಂತಿತು.

ನಿಂತೇಬಿಟ್ಟಿತು. ಹಳೆಯ ಬುದ್ಧಿ ಅಳಿಸಿಹೋಗುತ್ತಿತ್ತು, ಹೊಸದು ಬಂದಿರಲಿಲ್ಲ. ನೀಲಿ ಡಬ್ಬದ ಸದ್ದು ಕೇಳಿದ ಹಾಗಾಯಿತು.

"ಏನ್ ಬರ್ದೈತೆ ಇದ್ರಾಗೆ? ಕನ್ನಡದಾಗೆ ಹೇಳಾಕೆ ಏನ್ ರೋಗ ನಿಂಗೆ?" ಹಾಲೇಶನ ಹೆಬ್ಬೆರಳು ಬ್ಯಾಟರಿಯ ಮುಚ್ಚಳದ ಮೇಲೆ ಬಂತು. ಎಳೆದರೆ ನಾನು ಮುಗಿದೆ. ಅವನೂ ಮುಗಿದ.

ಬುತ್ತಿ ತಂದಿದ್ದ ಕೊಟ್ರಮ್ಮ ಅವನ ಮಣಿಕಟ್ಟು ಹಿಡಿದಳು. "ಕೈ ತೆಗಿಯೋ. ಮರಳು ಕಾಯಾಗ ನಡುವೆ ಕೈ ಹಾಕ್ತೀವೇನು?"

"ನಿಂಗೇನ್ ಗೊತ್ತಕ್ಕ, ಸುಮ್ಕಿರು!"

"ನಂಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಅದ್ಕೇ ಕೈ ತೆಗಿ."

ಅವನು ತೆಗೆದ. ಆ ಹೊತ್ತು ಎಷ್ಟು ಉದ್ದವಿತ್ತೋ. ಪಟ್ಟಿ ಒಂದು ಕೂದಲೆಳೆ ಸರಿಯಿತು. ಇನ್ನೊಂದು ಸರಿಯಿತು. ಕೊನೆಗೆ ತುಂಬಿತು. ನಾನು ಕಣ್ಣು ಬಿಟ್ಟೆ.

ಹಾಲೇಶ ಅಕ್ಕನ ಕಡೆ ನನ್ನನ್ನು ತಿರುಗಿಸಿ ಗುಂಡಿ ಒತ್ತಿದ. ಮತ್ತೆ ಅದೇ ಕೆಂಪು ಸಾಲು.

ಈಗ ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿಲ್ಲ. ನನ್ನನ್ನು ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಅಳುವ ಸದ್ದು ಅಡಗಿಸಲು ನಲ್ಲಿಯನ್ನು ಜೋರಾಗಿ ಬಿಟ್ಟಿದ್ದ.

ಕೊಟ್ರಮ್ಮ ನನ್ನ ಬಾಗಿಲು ತೆರೆದು ಇಣುಕಿದಳು. ಅವಳಿಟ್ಟ ಕುಂಕುಮವೇ ಒಳಗೆಲ್ಲ ಉದುರಿತ್ತು. ಹಿತ್ತಲಿನ ಕಡೆ ಒಮ್ಮೆ ನೋಡಿದಳು. ಸೆರಗಿನ ಚುಂಗು ಹುರಿಮಾಡಿ ಒಳಗೆ ತಿರುವಿದಳು, ಉಸಿರು ಬಿಗಿಹಿಡಿದು ಊದಿದಳು, ಕಾರ್ಡನ್ನು ಒರೆಸಿ ಹಾಕಿದಳು. "ಇನ್ನೊಂದ್ಸಲ ನೋಡೋ," ಅಂದಳು ಅವನು ಬಂದಾಗ, ಏನೂ ಅರಿಯದವಳಂತೆ.

ಫೋಟೋ ಬಂತು. ಬೀಗರ ಊಟದ ಆರುನೂರು ಫೋಟೋಗಳೂ ಬಂದವು. ಫರ್ಮ್‌ವೇರ್ ಹಾಕಿದ್ದಕ್ಕೇ ಸರಿಹೋಯಿತು ಎಂದು ಹಾಲೇಶ ಊರೆಲ್ಲ ಹೇಳಿಕೊಂಡು ಬಂದ. ಅವಳ ಗುಟ್ಟು ನನ್ನ ಹೊಟ್ಟೆಯಲ್ಲೇ ಉಳಿಯಿತು.

ಮರುವರ್ಷ ಆಯುಧಪೂಜೆಗೆ ಕೊಟ್ರಮ್ಮ ತಟ್ಟೆ ಹಿಡಿದು ಬಂದಳು. ಹಾಲೇಶ ತಲೆಯೆತ್ತದೆ ಅಂದ: "ಮೈಗೆಲ್ಲ ಹಚ್ಚಕ್ಕ. ಬಾಗ್ಲಿಗೆ ಬ್ಯಾಡ."

ಕೊಟ್ರಮ್ಮ ತಟ್ಟೆ ಕೆಳಗಿಟ್ಟಳು. "ಯಾವಾಗ ಗೊತ್ತಾತೋ?"

"ಅವತ್ತೇ. ನಿನ್ ಸೆರಗು ಕೆಂಪಾಗಿತ್ತಲ್ಲ."

ಇಷ್ಟು ಸಿಟ್ಟಿನವನು ಒಂದು ವರ್ಷ ಬಾಯಿ ಬಿಟ್ಟಿರಲಿಲ್ಲ.

ಈಗ ನಾನು ಗಾಜಿನ ಕಪಾಟಿನ ಮೂಲೆಯಲ್ಲಿದ್ದೇನೆ. ಬ್ಯಾಟರಿ ಉಬ್ಬಿತು, ತೆಗೆದರು. ನನ್ನ ಕೆಲಸಕ್ಕೆ ಹೊಸ ಕ್ಯಾಮೆರಾ ಬಂದಿದೆ. ಈ ಸಲದ ಪೂಜೆಗೆ ಹಾಲೇಶ ತಾನೇ ನನ್ನ ಪುಟ್ಟ ಬಾಗಿಲು ತೆರೆದು ಹಿಡಿದ. "ಈಗ ಹಚ್ಚಕ್ಕ. ಹೊಸ್ತಿಲಿಗೂ ಹಚ್ಚು."

ಒದ್ದೆ ಬೆರಳು ತಾಕಿತು. ಇನ್ನು ಆ ಬಾಗಿಲಿಂದ ಯಾವ ಕಾರ್ಡೂ ಒಳಗೆ ಬರುವುದಿಲ್ಲವೆಂದು ಅರ್ಥವಾಯಿತು. ಹೆದರಿಕೆಯಾಯಿತು. ಆದರೂ ನೀಲಿ ಡಬ್ಬಕ್ಕೆ ಬಿದ್ದ ನನ್ನ ಪಕ್ಕದವನಿಗೆ ಯಾರೂ ಕುಂಕುಮ ಇಟ್ಟಿರಲಿಲ್ಲ.