ಉಗುರಿನ ಸಂದಿಯ ಬೀಜ

ಕೊಬ್ಬರಿ ಎಣ್ಣೆ, ಅದರಡಿ ಬೆವರು, ಬೆವರಿನಡಿ ಟೊಮೆಟೊ ಗಿಡದ ಆ ಕಹಿ ಹಸಿರು ವಾಸನೆ, ಎಷ್ಟು ಸೀಗೆಪುಡಿ ಹಾಕಿ ತೊಳೆದರೂ ಕೂದಲು ಬಿಡದ ವಾಸನೆ — ಗೇಟಿನಲ್ಲಿ ತಪಾಸಣೆಗೆ ನಿಂತ ನರಸಮ್ಮನ ಬೆರಳುಗಳು ಅಂಬಿಕಳ ಜಡೆಯೊಳಗೆ ಇಳಿದು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಓಡಾಡುತ್ತಿವೆ, ಹೇನು ಹುಡುಕುವವರ ಅಕ್ಕರೆ ಅವಕ್ಕಿಲ್ಲ, ಎಡಗೈ ಹೆಬ್ಬೆರಳನ್ನು ಮಾತ್ರ ಒಳಕ್ಕೆ ಮಡಿಸಿಟ್ಟುಕೊಂಡಿದ್ದಾಳೆ, ಆ ಉಗುರಿನ ಸಂದಿಯಲ್ಲಿ ಮಧ್ಯಾಹ್ನದಿಂದ ಒಂದು ಬೀಜ ಕೂತಿದೆ, ಸಾಸಿವೆಗಿಂತ ಚೂರು ದೊಡ್ಡದು, ಚಪ್ಪಟೆ, ಮೈಮೇಲೆ ನವಿರು, ಕೂತಲ್ಲೇ ಚುಚ್ಚುತ್ತಿದೆ, ಚುಚ್ಚಲಿ, ಇನ್ನೊಂದು ಗಳಿಗೆ. ಗೇಟು ಮುಚ್ಚುವುದರೊಳಗೆ ಇದು ಯಾರದಾದರೂ ತಲೆಯಲ್ಲಿ ಸಿಗಬೇಕು, ಸಿಕ್ಕರೆ ಮಗಳು ಅರ್ಚನ ಉಳಿಯುತ್ತಾಳೆ, ಅಷ್ಟೇ ಲೆಕ್ಕ. ಆಯ್ತಮ್ಮ, ಸೆರಗು ಕೊಡವು, ಕೈ ತೋರ್ಸು, ಬಾಯಿ ತೆಗಿ, ನಾಲ್ಗೆ ಚಾಚು, ಉಂ, ಒಳಕ್ಕಾಕ್ಕೊ, ಓಗು. ಮುಂದ್ಲೋಳು ಬಾ.

ಮುಂದಿನವಳು, ಅದರ ಮುಂದಿನವಳು, ಮೂವತ್ತನಾಲ್ಕು ಹೆಂಗಸರು, ಸಾಲಿನ ಕೊನೆಯಲ್ಲಿ ಪೆದ್ದಮ್ಮ, ಮಂಡಿನೋವಿನ ಮುದುಕಿ, ಯಾವತ್ತೂ ಕಡೆಗೇ ಬಂದು ನಿಲ್ಲುವವಳು, ಅವಳ ಕಡೆ ನೋಡಬಾರದು, ಈಗಲೇ ನೋಡಬಾರದು, ಬೇತಮಂಗಲದ ಕೆರೆ ಕಡೆಯಿಂದ ಗಾಳಿ ಬಂದು ಪಾಲಿಹೌಸಿನ ಪ್ಲಾಸ್ಟಿಕ್ಕು ಪಟಪಟ ಬಡಿದುಕೊಳ್ಳುತ್ತಿದೆ, ಅದನ್ನು ನೋಡಿದರಾಯಿತು. ಒಳಗೆ ಬೆಳಗ್ಗೆ ಆರರಿಂದ ಈ ಹೆಂಗಸರು ಚಿಮುಟ ಹಿಡಿದು ಮೊಗ್ಗು ಬಿಡಿಸಿ ಗಂಡು ಕೇಸರ ಕಿತ್ತು ಬಿಸಾಡುತ್ತಾರೆ, ಮಾರನೆಯ ದಿನ ಬೇರೆ ಗಿಡದ ಪುಡಿ ತಂದು ಮುಟ್ಟಿಸುತ್ತಾರೆ, ಕಂಪನಿಯವರು ಅದಕ್ಕೆ ಕ್ರಾಸಿಂಗು ಅನ್ನುತ್ತಾರೆ, ಇದೇ ಸಾಲಿನ ರಾಧ ಅನ್ನುವುದೇ ಬೇರೆ, ಊವಿಗೆ ಮದ್ವೆ ಮಾಡ್ಸೋರು ನಾವು, ಊಟುಕ್ಕೆ ಮಾತ್ರ ಕರ್ಯಲ್ಲ ಕಣೇ. ಎರಡು ತಿಂಗಳಿಟ್ಟರೂ ಕೊಳೆಯದ ಹಣ್ಣಂತೆ ಇದು, ಯಾವುದೋ ಬೇರೆ ಜೀವದ ಗುಣ ತಂದು ಇದರ ಹೊಟ್ಟೆಯೊಳಗೆ ಕೂರಿಸಿದ್ದಾರಂತೆ, ಪೇಪರಿನಲ್ಲಿ ಕುಲಾಂತರಿ ಅಂತ ಬರೆಯುವುದು ಇದನ್ನೇ ಎಂದು ಹೇಳಿದವಳೂ ರಾಧಳೇ, ಮ್ಯಾನೇಜರು ಸುಧಾಕರ್ ಸಾರ್ ಹೇಳಿದ್ದು ಒಂದೇ ಮಾತು, ಆ ಗುಣ ಕಂಪನೀದು, ಗುಣ ಇರೋ ಬೀಜ ಕಂಪನೀದು, ಬೀಜದ ಗಿಡ, ಗಿಡದ ಮಕ್ಕಳು, ಮೊಮ್ಮಕ್ಕಳು, ಎಲ್ಲಾ ಕಂಪನೀದು, ಒಂದು ಬೀಜ ಹೊರಗೆ ಹೋದ್ರೂ ಜೈಲು, ಅರ್ಥ ಆಯ್ತಾ. ಆಯಿತು ಸಾರ್ ಎಂದು ತಲೆಯಾಡಿಸಿದ್ದರು ಎಲ್ಲರೂ, ಕೋಲಾರದ ಮಂಡಿಯಲ್ಲಿ ರೇಟು ಬಿದ್ದ ದಿನ ಟೆಂಪೋಗಟ್ಟಲೆ ಟೊಮೆಟೊ ರಸ್ತೆಬದಿಗೆ ಸುರಿದು ಹೋಗುವುದನ್ನು ಕಂಡ ಹೆಂಗಸರು, ದನ ಕೂಡ ಮೂಸಿ ಮುಂದೆ ಹೋಗುವುದನ್ನು ಕಂಡವರು, ಅಂಥ ಸೀಮೆಯಲ್ಲಿ ಒಂದು ಟೊಮೆಟೊ ತಿಂದರೆ ಜೈಲು ಎಂದರೆ ನಗಬೇಕೋ ಅಳಬೇಕೋ ತಿಳಿಯದೆ ತಲೆಯಾಡಿಸಿದ್ದರು. ಇಲ್ಲಿ ಹಣ್ಣು ಗಿಡದಲ್ಲಿರುವಾಗಲೇ ಎಣಿಸುತ್ತಾರೆ. ಉದುರಿದ್ದನ್ನು ಗುಂಡಿಗೆ ಹಾಕಿ ಸುಣ್ಣ ಸುರಿಯುತ್ತಾರೆ.

ಸೋಮವಾರ ಸಾರ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಿಂತ ಚಂದ ಏನು ಹೇಳುವುದು — ನರಸಮ್ಮ ಇರುವ ಸಾಲುಮನೆಗಳ ಹಿಂದೆ, ಸೀಮೆಜಾಲಿ ಪೊದೆಯ ಮಗ್ಗುಲಲ್ಲಿ, ಯಾರೂ ನೀರು ಹಾಕದ ನೆಲದಲ್ಲಿ ಎದೆಯೆತ್ತರ ಒಂದು ಟೊಮೆಟೊ ಗಿಡ, ಮೈತುಂಬ ಹಣ್ಣು, ಯಾರು ನೆಟ್ಟಿದ್ದು, ಯಾರೂ ನೆಡಲಿಲ್ಲ ಸಾರ್, ಮತ್ತೆ ತಾನಾಗೇ ಬಂತಾ, ಅದು ಎಂಗುಸ್ರು ಬೆಳಗ್ಗೆ ಓಗೋ ಜಾಗ ಸಾರ್. ಸರಕಾರದ ಕಕ್ಕಸು ಪ್ರತಿ ಮನೆಗೂ ಇದೆ, ನೀರಿಲ್ಲ, ಅದರೊಳಗೆ ಸೌದೆ ಇದೆ. ಸಾರಿಗೆ ಅರ್ಥವಾಗಲು ಅಷ್ಟು ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ಕಾಲು ಎತ್ತಿ ಎಲ್ಲಿಡಬೇಕೋ ತಿಳಿಯದೆ ಕೊಕ್ಕರೆಯ ಹಾಗೆ ನಿಂತುಬಿಟ್ಟರು, ಹೊಟ್ಟೆಯೊಳಗೆ ಹೋದ ಬೀಜ ಸಾಯುವುದಿಲ್ಲ, ಹೋದ ದಾರಿಯಲ್ಲೇ ಇನ್ನೊಂದು ಬಾಗಿಲಿಂದ ಹೊರಗೆ ಬಂದು ಬೇರು ಬಿಡುತ್ತದೆ, ಅಷ್ಟು ಓದಿದವರಿಗೆ ಇಷ್ಟು ಗೊತ್ತಿರಲಿಲ್ಲ. ಗ್ಲೌಸು ಹಾಕಿಕೊಂಡು ಎಲೆ ಕಿತ್ತು ಕವರಿಗೆ ಹಾಕಿ ಅಂಟಿಸಿ ಮೇಲೆ ನಂಬರು ಬರೆದರು. ನಮ್ ಏಲ್ಗೂ ಕಂಪನಿ ಎಸ್ರು ಬಿತ್ತಲ್ಲೇ, ಅಂದಳು ರಾಧ, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವಳು ನರಸಮ್ಮ. ಎಲೆಯ ಪರೀಕ್ಷೆಯ ವರದಿ ನಿನ್ನೆ ಬಂತು, ಗಿಡ ಕಂಪನಿಯದೇ. ಇವತ್ತು ಬೆಳಗ್ಗೆ ಸಾರ್ ಅವಳೊಬ್ಬಳನ್ನೇ ಕರೆದು, ಗೇಟಲ್ಲಿ ನೀನಿದ್ದೂ ಹೋಗಿದೆ ಅಂದ್ರೆ ಹೇಗಮ್ಮ, ಸಂಜೆ ಒಳಗೆ ಒಂದು ಹೆಸರು ಕೊಡು, ಇಲ್ಲಾಂದ್ರೆ ನಾಳೆ ಪೊಲೀಸರು ಮನೆಮನೆಗೆ ಬರ್ತಾರೆ, ಆ ಜಾಗಕ್ಕೆ ಯಾರ್ಯಾರು ಹೋಗ್ತೀರ ಅಂತ ಅವರೇ ಕೇಳ್ಕೊಳ್ತಾರೆ. ನಾಲ್ಕು ಮನೆಯವರು ಹೋಗುತ್ತಾರೆ. ಎರಡು ಮನೆಗೂ ಕಂಪನಿಗೂ ಸಂಬಂಧವಿಲ್ಲ. ಉಳಿದದ್ದು ಪೆದ್ದಮ್ಮನ ಮನೆ, ತನ್ನ ಮನೆ.

ನಾಲ್ಗೆ ಚಾಚು, ಒಳಕ್ಕಾಕ್ಕೊ, ಓಗು — ಆ ಹಣ್ಣೇ ಬೇಕು ಕಣಮ್ಮ, ಅಂದಿದ್ದಳು ಅರ್ಚನ, ಆಗ ಮೂರು ತಿಂಗಳು, ನೀರು ಕುಡಿದರೂ ವಾಂತಿ, ಆದರೂ ಕೆಲಸಕ್ಕೆ ಬರುತ್ತಿದ್ದಳು, ಏಳ್ನೇ ಸಾಲಿಂದು, ನಾನೇ ಪುಡಿ ಮುಟ್ಸಿದ್ದು, ಇಷ್ಟು ದಪ್ಪ ಆಗೈತೆ, ಕಣ್ಮುಚ್ಚುದ್ರೆ ಅದೇ ಕಾಣ್ತದೆ. ಸಂತೆಯಿಂದ ಎರಡು ಕೇಜಿ ಟೊಮೆಟೊ ತಂದುಕೊಟ್ಟರೆ ಮೂಸಿ ಪಕ್ಕಕ್ಕಿಟ್ಟಳು. ಬಸುರಿ ಬಯಕೆ ತೀರದಿದ್ದರೆ ಮಗುವಿನ ಕಿವಿ ಸೋರುತ್ತದೆ, ಗಾದೆಯಲ್ಲ ಇದು, ಕಣ್ಣಾರೆ ಕಂಡದ್ದು, ಅರ್ಚನ ಹೊಟ್ಟೆಯಲ್ಲಿದ್ದಾಗ ತಾನು ಒಂದು ಬೇಲದ ಹಣ್ಣಿಗೆ ಆಸೆಪಟ್ಟಿದ್ದಳು, ಅತ್ತೆ, ಬಸ್ರಿ ನೀನೊಬ್ಳೇನಾ ಊರ್ನಲ್ಲಿ, ಅಂದಿದ್ದಳು, ಅರ್ಚನಳ ಎಡಗಿವಿ ಹತ್ತು ವರ್ಷ ಸೋರಿತು, ದಿಂಬಿನಲ್ಲಿ ವಾಸನೆ, ಸ್ಕೂಲಿನಲ್ಲಿ ಪಕ್ಕ ಕೂರುವವರಿಲ್ಲ, ಆ ಕಿವಿಗೆ ರಾತ್ರಿ ಹೊತ್ತು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟವಳು ಪೆದ್ದಮ್ಮ — ಅದು ಬೇಡ, ಅದು ಈಗ ಬೇಡ. ಹುಡುಕುವವಳನ್ನು ಯಾರು ಹುಡುಕುತ್ತಾರೆ, ಉದುರಿದ್ದರ ಲೆಕ್ಕದಲ್ಲಿ ಹೋದ ಆ ಹಣ್ಣನ್ನು ಊಟದ ಡಬ್ಬಿಯಲ್ಲಿ ಅನ್ನದಡಿ ಇಟ್ಟುಕೊಂಡು ಇದೇ ಗೇಟಿನಲ್ಲಿ ಸಾರಿಗೆ ಕೈಮುಗಿದು ಹೋಗಿದ್ದಳು. ಅರ್ಚನ ಹೊಸ್ತಿಲ ಮೇಲೆ ಕೂತು ಉಪ್ಪು ಮುಟ್ಟಿಸಿ ಮುಟ್ಟಿಸಿ ತಿಂದಳು, ರಸ ಮೊಣಕೈವರೆಗೆ ಇಳಿಯಿತು, ಅದನ್ನೂ ನೆಕ್ಕಿದಳು, ಅಂಗೈಗೆ ಅಂಟಿದ ಬೀಜವನ್ನೂ ಬಿಡದೆ ನೆಕ್ಕಿದಳು, ಅಮ್ಮೋ ಜೀವ ಬಂತು, ಅಂದಳು. ಅಷ್ಟು ಸಂತೋಷ ನರಸಮ್ಮ ತನ್ನ ಮದುವೆಯಲ್ಲೂ ಪಟ್ಟಿರಲಿಲ್ಲ. ಈಗ ಎಂಟು ತಿಂಗಳು, ಕಾಲು ಊದಿವೆ, ಪೊಲೀಸರು ಬಂದು ಬಾಗಿಲಲ್ಲಿ ನಿಂತರೆ ಆ ಹುಡುಗಿ ಒಂದೇ ಪ್ರಶ್ನೆಗೆ ಎಲ್ಲ ಒಪ್ಪಿಕೊಂಡುಬಿಡುತ್ತಾಳೆ, ಸುಳ್ಳು ಹೇಳಲು ಬರದವಳು, ಅದೊಂದನ್ನು ಕಲಿಸಲಿಲ್ಲ.

ತಾನು ಕಲಿತದ್ದು ಅಪ್ಪನ ಹತ್ತಿರ, ಅಲ್ಲ, ಅಪ್ಪನನ್ನು ನೋಡಿ. ಅಪ್ಪ ಚಿಕ್ಕಮುನಿಯಪ್ಪ, ನಂದಿದುರ್ಗ ಅನ್ನುವ ಕೋಲಾರದ ಚಿನ್ನದ ಗಣಿಯಲ್ಲಿ ನೆಲದಡಿ ಇಳಿಯುತ್ತಿದ್ದವನು, ಊರಲ್ಲಿ ಅವನೆದುರು ಬೀಡಿ ಸೇದುವವರಿರಲಿಲ್ಲ, ಅಷ್ಟು ಗತ್ತು, ಹನ್ನೊಂದು ವರ್ಷದ ನರಸಿ ಊಟದ ಕ್ಯಾರಿಯರು ಹಿಡಿದು ಗಣಿ ಗೇಟಿನ ಹೊರಗೆ ನಿಂತಿದ್ದಾಳೆ, ಪಾಳಿ ಮುಗಿಸಿ ಬರುವವರ ತಪಾಸಣೆ ನಡೆಯುತ್ತಿದೆ, ಕಾವಲಿನವನು ಮೀಸೆ ಚಿಗುರದವನು, ಕೈ ಎತ್ತು, ತಿರುಗು, ಆಮೇಲೆ ತಮಿಳಿನಲ್ಲಿ, ವಾಯ ತೊರ, ನಾಕ್ಕ ನೀಟ್ಟು, ಅಪ್ಪ ಬಾಯಿ ತೆರೆದು ನಾಲಿಗೆ ಚಾಚಿದ. ಅಷ್ಟರಲ್ಲಿ ಕಾವಲಿನವನನ್ನು ಯಾರೋ ಕರೆದರು, ಅವನು ಆ ಕಡೆ ತಿರುಗಿ ಏನೋ ಮಾತಾಡುತ್ತ ನಿಂತ, ಒಳಗೆ ಹಾಕಿಕೋ ಅನ್ನುವುದನ್ನು ಮರೆತ, ಅಪ್ಪ ಹಾಗೇ ಇದ್ದ, ಧೂಳು ಮುಖ, ಅದರ ನಡುವೆ ಕೆಂಪಗೆ ನಾಲಿಗೆ, ಕಣ್ಣು ಮಗಳ ಮೇಲೆ ಬಿತ್ತು, ಆಗಲೂ ಒಳಗೆ ಹಾಕಿಕೊಳ್ಳಲಿಲ್ಲ. ಸೈಕಲ್ಲಿನಲ್ಲಿ ಅರ್ಧ ದಾರಿ ಬಂದ ಮೇಲೆ ಬೆನ್ನು ತಿರುಗಿಸದೆ ಒಂದೇ ಮಾತು, ಅಮ್ಮನ್ಗೆ ಯೋಳ್ಬೇಡ. ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ, ಕಂಪನಿಯವರು ಗೇಟಿಗೊಬ್ಬಳು ಹೆಂಗಸು ಬೇಕೆಂದಾಗ ಮಾತ್ರ ಎಲ್ಲರನ್ನೂ ದಾಟಿ ಮುಂದೆ ಹೋಗಿ ನಿಂತಳು, ಚಾಚುವವಳಾಗುವುದಕ್ಕಿಂತ ಚಾಚಿಸುವವಳಾಗುವುದು ಮೇಲು. ಆದರೆ ಒಂದು — ಒಳಕ್ಕಾಕ್ಕೊ ಅನ್ನುವುದನ್ನು ಅವಳು ಇವತ್ತಿನವರೆಗೂ ಮರೆತಿಲ್ಲ, ಮೂರು ವರ್ಷದಲ್ಲಿ ಒಬ್ಬಳಿಗೂ ಮರೆತಿಲ್ಲ, ತಾನು ಆ ಕಾವಲಿನವನಲ್ಲ, ಅಷ್ಟು ಕೆಟ್ಟವಳಲ್ಲ.

ರಾಧಳ ಸರದಿ ಮುಗಿದು ಅವಳು ಗೇಟಿನಾಚೆ ಬಸ್ಸಿಗೆ ಕಾಯುತ್ತ ನಿಂತಳು, ಇನ್ನಿಬ್ಬರು, ಇನ್ನೊಬ್ಬಳು, ಮಧ್ಯಾಹ್ನ ಊಟದ ಹೊತ್ತಿನಲ್ಲೇ ದಾರಿ ಸವರಿಟ್ಟಾಗಿದೆ, ಸುಣ್ಣದ ಗುಂಡಿಯ ಅಂಚಿನಲ್ಲಿ ಒಡೆದುಬಿದ್ದಿದ್ದ ಹಣ್ಣಿನಿಂದ ಬೀಜ ಉಗುರಿಗೆ ಏರಿಸಿಕೊಂಡಾದ ಮೇಲೆ ಸಾರಿನ ಕುರ್ಚಿ ಹತ್ತಿರ ಹೋಗಿ, ಪೆದ್ದಮ್ಮನ ಗೋಡೆ ನೋಡೀರಾ ಸಾರ್, ಬೆರಣಿಗೆ ಬೀಜ ಮೆತ್ತಿರ್ತಾಳೆ, ಬೂದೀಲಿ ಕಲ್ಸಿ ಬಟ್ಟೇಲಿ ಕಟ್ಟಿಟ್ಟಿರ್ತಾಳೆ, ನಾನೇನೂ ಅನ್ನಲ್ಲ ಸಾರ್, ಐತೆ ಅಂದೆ ಅಷ್ಟೇ. ಇರುವುದು ನಿಜ. ಅವರೆ, ಮೆಣಸಿನಕಾಯಿ, ಸೋರೆ, ನಾಟಿ ಟೊಮೆಟೊ, ಈ ಸಾಲಿನ ಅರ್ಧ ಹೆಂಗಸರ ಹಿತ್ತಲಲ್ಲಿ ಚಿಗುರಿದ್ದು ಆ ಬಟ್ಟೆಗಂಟುಗಳಿಂದಲೇ, ನರಸಮ್ಮನ ಹಿತ್ತಲೂ ಸೇರಿ, ಮಾರುವುದಿಲ್ಲ ಅವಳು, ಬೀಜ ಮಾರುದ್ರೆ ಮೊಳ್ಕೆ ಮುನುಸ್ಕೊಂತದೆ ತಲ್ಲಿ, ಅನ್ನುತ್ತಾಳೆ, ತಲ್ಲಿ ಅಂದರೆ ತಾಯಿ, ಅವಳ ತವರು ತೆಲುಗು ಸೀಮೆ, ಎಲ್ಲರೂ ಅವಳಿಗೆ ತಲ್ಲಿಯೇ. ಮನೆಯಲ್ಲಿ ಬೀಜ ಇಟ್ಟುಕೊಂಡವಳ ಮೇಲೆ ಬೀಜದ ಕಳ್ಳತನ ಹೊರಿಸಿದರೆ ಸಾರ್ ನಂಬದೆ ಏನು ಮಾಡುತ್ತಾರೆ, ಪೊಲೀಸರು ಆ ಗಂಟುಗಳನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಮುದುಕಿ, ಹಿಂದಿಲ್ಲ ಮುಂದಿಲ್ಲ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬಿಟ್ಟುಬಿಡುತ್ತಾರೆ, ಬಿಡದಿದ್ದರೆ ಅಲ್ಲಿ ಎರಡು ಹೊತ್ತು ಊಟವಾದರೂ ಇರುತ್ತದೆ — ಥೂ, ಎಂಥ ಬಾಯಿ, ಇರಲಿ, ಬಂದಳು, ಎದುರಿಗೇ ಬಂದಳು.

ಬಿಚ್ಲಾ ತಲ್ಲಿ, ಎಂದು ಪೆದ್ದಮ್ಮ ತಾನೇ ತುರುಬು ಬಿಚ್ಚಿ ಬೆನ್ನು ಕೊಟ್ಟಳು. ಒಂದು ಹಿಡಿ ಬಿಳಿಕೂದಲು, ಅದರಡಿ ಬೆಚ್ಚಗಿನ ಬುರುಡೆ, ಎಣ್ಣೆಯೂ ಇಲ್ಲ, ಬೆಳ್ಳುಳ್ಳಿ ವಾಸನೆ, ಯಾಕೆ ಬೆಳ್ಳುಳ್ಳಿ ವಾಸನೆ, ಇಲ್ಲ, ತನ್ನ ಮೂಗಿಗೆ ಹಾಗೆ ಅನ್ನಿಸುತ್ತಿದೆ ಅಷ್ಟೇ, ಹೆಬ್ಬೆರಳು ಬಿಡಿಸಿದಳು, ಬೀಜ ಬೀಳಲೊಲ್ಲದು, ಒಣಗಿ ಉಗುರಿಗೆ ಕಚ್ಚಿಕೊಂಡಿದೆ, ತೋರುಬೆರಳಿನಿಂದ ಕೆದಕಿದರೆ ಇನ್ನೂ ಒಳಕ್ಕೆ ಸರಿಯುತ್ತದೆ, ಸಾರ್ ಕುರ್ಚಿಯಿಂದ ಎದ್ದರು, ಉಗುರನ್ನು ಮುದುಕಿಯ ತಲೆಗೇ ಒತ್ತಿ ಎಳೆದಳು, ಒಂದು ಸಲ, ಇನ್ನೊಂದು ಸಲ, ಮೆಲ್ಲುಗೆ ತಲ್ಲಿ, ಚುಚ್ತದೆ, ಅಂದಳು ಪೆದ್ದಮ್ಮ, ಆಗ ಬಿತ್ತು. ಸಾರ್, ಇಲ್ಲಿ. ದನಿ ಎಷ್ಟು ಸಲೀಸಾಗಿ ಬಂತು. ಸಾರ್ ಚಿಮುಟದಲ್ಲಿ ಬೀಜ ಹಿಡಿದು ಫೋನಿನಲ್ಲಿ ಫೋಟೋ ತೆಗೆದರು, ಪುಟ್ಟ ಕವರಿಗೆ ಹಾಕಿದರು, ಹೆಸರೇನು ಇವಳ್ದು, ಎಲ್ಲಿ, ಬಾಯಲ್ಲಿ ಇನ್ನೂ ಇದೆಯಾ ನೋಡು ನರಸಮ್ಮ, ಎನ್ನುತ್ತ ಗೇಟಿನ ಕಡೆ ತಿರುಗಿ ಪೊಲೀಸಿಗೆ ಫೋನು ಹಚ್ಚಿದರು. ರಾಧ ಕಂಬಿ ಹಿಡಿದು ನೋಡುತ್ತಿದ್ದಾಳೆ, ಬಸ್ಸು ಬಂದು ಹೋಯಿತು, ಹತ್ತಲಿಲ್ಲ. ಪೆದ್ದಮ್ಮ ಕವರಿನಲ್ಲಿದ್ದ ಬೀಜ ನೋಡಿದಳು, ಬೀಜ ಗೊತ್ತಿದ್ದವಳು, ಯಾವ ಬೀಜ ಎಷ್ಟು ಹೊತ್ತು ಎಲ್ಲಿತ್ತೆಂದು ಮುಟ್ಟದೆ ಹೇಳುವವಳು, ನೋಡಿ, ಕಣ್ಣನ್ನು ನಿಧಾನವಾಗಿ ಇತ್ತ ತಂದಳು, ನರಸಮ್ಮನ ಹೆಬ್ಬೆರಳಿಗೆ, ಉಗುರಿನ ಅಂಚಿನಲ್ಲಿ ಜಿನುಗಿದ್ದ ರಕ್ತಕ್ಕೆ. ಅರ್ಚನಂಗೆ ದಿನ ತುಂಬ್ತಾ ಬಂತೇನೋ, ಅಂದಳು. ಪೋನೀಲೇ ತಲ್ಲಿ, ಹೋಗಲಿ ಬಿಡು. ಅಷ್ಟೇ ಅಂದಳು, ಬೈದಿದ್ದರೆ ಆಗುತ್ತಿತ್ತು, ಮಣ್ಣು ತೂರಿದ್ದರೆ ಆಗುತ್ತಿತ್ತು, ನರಸಮ್ಮ ಹೇಳುವ ಮೊದಲೇ ತಾನೇ ಬಾಯಿ ತೆರೆದು ನಾಲಿಗೆ ಚಾಚಿ ನಿಂತಳು.

ಹಲ್ಲಿಲ್ಲದ ಬಾಯಿ, ತೆಳು ನಾಲಿಗೆ, ಅದರ ಮೇಲೆ ಏನೂ ಇಲ್ಲ, ಎಲೆಯಡಿಕೆಯ ಕೆಂಪು ಬಿಟ್ಟರೆ ಏನೂ ಇಲ್ಲ, ನೋಡಿಯಾಯಿತು, ಒಳಕ್ಕಾಕ್ಕೊ ಅನ್ನಬೇಕು, ಒಂದೇ ಮಾತು, ದಿನಕ್ಕೆ ಮೂವತ್ತನಾಲ್ಕು ಸಲ ಅನ್ನುವ ಮಾತು, ಸಾರ್ ಆ ಕಡೆ ತಿರುಗಿ ಫೋನಿನಲ್ಲಿ ಮಾತಾಡುತ್ತಲೇ ಇದ್ದಾರೆ, ಹೌದು ಸಾರ್, ಹೆಂಗಸು ಸಾರ್, ವಯಸ್ಸಾದವಳು, ಪ್ಲಾಸ್ಟಿಕ್ಕು ಪಟಪಟ ಬಡಿದುಕೊಳ್ಳುತ್ತಿದೆ, ಅನ್ನು ನರಸಮ್ಮ, ಅನ್ನು ನರಸೀ, ಕ್ಯಾರಿಯರಿನ ಹಿಡಿ ಅಂಗೈಗೆ ಒತ್ತುತ್ತಿದೆ, ಅಮ್ಮನ್ಗೆ ಯೋಳ್ಬೇಡ, ಯಾರಾದರೂ ಹೇಳಿ, ಬಾಯಿ ತೆರೆದರೆ ದನಿ ಇಲ್ಲ, ಧೂಳು ಮುಖ, ಅದರ ನಡುವೆ ಕೆಂಪಗೆ, ಒಳಕ್ಕೆ ಹಾಕಿಕೋ ಅನ್ನುವವರಿಲ್ಲದೆ, ನಾಲಿಗೆ, ಅವಳನ್ನೇ ನೋಡುತ್ತ, ನಾಲಿಗೆ.