ಸೋತವರ ಮನೆಯ ಚೆಂಡು

ಎರ್ಲೆನ್ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ನೂರು ವರ್ಷ ತುಂಬಿದ ಶರತ್ಕಾಲದ ಆ ಭಾನುವಾರ, ಕ್ಲಬ್ಬು ಬದುಕಿ ಉಳಿಯಬೇಕಾದರೆ ಮೈದಾನಕ್ಕೆ ಏಳು ಜನ ಇಳಿಯಬೇಕಾಗಿತ್ತು. ಸಿಕ್ಕಿದ್ದವರು ಆರು.

ಎಕ್ಕೆಹಾರ್ಟ್ ಲೋಬ್‌ಗೆ ಇದಿನ್ನೂ ತಿಳಿದಿರಲಿಲ್ಲ. ಊರಿಗೆಲ್ಲ ಎಕ್ಕಿಯಾಗಿದ್ದ ಅವನು ಮೈದಾನದ ಅಂಚಿನಲ್ಲಿ, ಕಂಬಗಳ ಮೇಲೆ ನಿಂತ ಮರದ ಗೂಡಿನಲ್ಲಿ ಕೂತು ಮೈಕಿಗೆ ಉಫ್ ಉಫ್ ಎಂದು ಊದುತ್ತಿದ್ದ. ವಾರವೆಲ್ಲ ಊರಿನವರಿಗೆ ಕಾರು ಓಡಿಸಲು ಕಲಿಸುವ ಮೇಷ್ಟ್ರು. ಭಾನುವಾರ ಬಂದರೆ ಕ್ಲಬ್ಬಿನ ಗಂಟಲು. ಎರ್ಲೆನ್‌ನಲ್ಲಿ ಯಾರಾದರೂ ಸತ್ತರೆ ಪಾದ್ರಿಗಳು ದೇಹವನ್ನಷ್ಟೇ ಮಣ್ಣಿಗೆ ಕೊಡುತ್ತಿದ್ದರು. ದನಿ ಎಕ್ಕಿಯ ಹತ್ತಿರ ಉಳಿಯುತ್ತಿತ್ತು. ಅವನ ಗಂಟಲಿನಲ್ಲಿ ಹಳೆಯ ಅಧ್ಯಕ್ಷರು, ಖಜಾಂಚಿಗಳು, ಸದಾ ಮೂಗು ಕಟ್ಟಿಕೊಂಡಿರುತ್ತಿದ್ದ ಒಬ್ಬ ಗೋಲ್‌ಕೀಪರ್, ಎಲ್ಲರೂ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಒಂದು ದನಿಯನ್ನು ಮಾತ್ರ ಅವನು ಎರಡು ವರ್ಷದಿಂದ ಮುಟ್ಟಿರಲಿಲ್ಲ. ಅದು ಹೊಳೆಯಾಚೆಯ ರಾಬೆನ್ ಕ್ಲಬ್ಬಿನ ಅಧ್ಯಕ್ಷ, ಕೆಮ್ಮದೆ ಮಾತು ಶುರುಮಾಡದಿದ್ದ ಬೆರ್ಟೋಲ್ಡ್‌ನದು. ಅವನು ತೀರಿಕೊಂಡಿದ್ದ, ಅವನ ಹೆಂಡತಿ ಟ್ರೌಡೆಲ್ ಈಗ ಅದೇ ಕುರ್ಚಿಯಲ್ಲಿದ್ದಳು. ಅವಳ ಎದುರಿಗೆ ಆ ಕೆಮ್ಮನ್ನು ಕೆಮ್ಮುವುದು ಸರಿಯಲ್ಲವೆಂದು ಎಕ್ಕಿ ಬಿಟ್ಟುಬಿಟ್ಟಿದ್ದ.

ಇವತ್ತು ರಾಬೆನ್ ಜೊತೆಗೇ ಪಂದ್ಯ. ಹಾಗಾಗಿ ಬೂಟು ಹೊಲಿಯುತ್ತಿದ್ದ ಮುದುಕ ವೆಂಡೆಲಿನ್‌ನ ದನಿಯನ್ನು ಹೊರಗೆ ತೆಗೆದ. ವೆಂಡೆಲಿನ್ ಬಾಯಿಂದ ಪೈಪು ತೆಗೆಯದೇ ಮಾತಾಡುತ್ತಿದ್ದ ಮನುಷ್ಯ.

"ಕೇಳಿಶ್ಕೊಳ್ಳಿ. ಯುದ್ಧ ಮುಗ್ದಾಗ ಹೊಳೆಯ ಎರಡು ದಡಕ್ಕೂ ಶೇರಿ ಇದ್ದಿದ್ದು ಒಂದೇ ಚೆಂಡು. ಹೊಲ್ದೋನು ನಾನು, ಒದ್ದೋರು ನೀವು. ಶೋತೋರು ಮನೆಗೆ ತಗೊಂಡೋಗಿ ಹಂದಿಕೊಬ್ಬು ಶವರಿ, ಮುಂದಿನ ಶಲ ಹೊತ್ಕೊಂಡು ಬರ್ಬೇಕು ಅಂತ ಮಾತಾಯ್ತು."

ಆ ಕರಾರು ಈಗಲೂ ನಡೆದುಕೊಂಡು ಬರುತ್ತಿತ್ತು. ಆ ಚೆಂಡಿನಲ್ಲಿ ಈಗ ಯಾರೂ ಆಡುತ್ತಿರಲಿಲ್ಲ. ಒಣಗಿದ ಕುಂಬಳಕಾಯಿಯ ಹಾಗಿತ್ತು. ಆದರೂ ಸೋತವರು ಅದನ್ನು ಮನೆಗೊಯ್ದು ಕೊಬ್ಬು ಸವರಬೇಕು, ಮುಂದಿನ ಪಂದ್ಯಕ್ಕೆ ತಾವೇ ತರಬೇಕು. ಇತ್ತೀಚಿನ ವರ್ಷಗಳಲ್ಲಿ ಚೆಂಡು ಆಚೆ ದಡದಲ್ಲಿ ಒಂದು ರಾತ್ರಿಯೂ ತಂಗಿರಲಿಲ್ಲ. ಅಲ್ಲಿಯ ಭಾಷೆಯಲ್ಲಿ ರಾಬೆನ್ ಎಂದರೆ ಕಾಗೆ, ಆದ್ದರಿಂದ ಆಚೆಯವರು ಕಾಗೆಗಳು. ಎರ್ಲೆನ್‌ನ ಮೈದಾನ ಹೊಳೆಯ ಜವುಗಿನಲ್ಲಿತ್ತು, ಆದ್ದರಿಂದ ಈಚೆಯವರು ಕಪ್ಪೆಗಳು. ಸೋಲುವುದು ಕಪ್ಪೆಗಳ ಕುಲಕಸುಬಾಗಿತ್ತು.

ಏಣಿ ಕಿರುಗುಟ್ಟಿತು. ನಲ್ಲಿ ರಿಪೇರಿ ಮಾಡುವ ಲೆನ್ನರ್ಟ್, ತಂಡದ ಕ್ಯಾಪ್ಟನ್, ಮೇಲೆ ಬಂದ.

"ಎಕ್ಕಿ, ಆರೇ ಜನ ಕಣೋ."

ಲೆನ್ನರ್ಟ್ ವಯಸ್ಸಿನಲ್ಲಿ ಎಕ್ಕಿಯ ಅರ್ಧದಷ್ಟಿದ್ದರೂ ಕ್ಲಬ್ಬಿನೊಳಗೆ ಬಹುವಚನದ ರೂಢಿಯಿರಲಿಲ್ಲ. ಈಗ ತಂಡಕ್ಕೂ ಬಹುವಚನ ಉಳಿಯುವ ಹಾಗೆ ಕಾಣಲಿಲ್ಲ.

"ಮಿಕ್ಕೋರೆಲ್ಲಿ?"

"ಆಲೂಗಡ್ಡೆ ಸಲಾಡು."

ಎಕ್ಕಿಗೆ ಅರ್ಥವಾಯಿತು. ಹಿಂದಿನ ಸಂಜೆ ಸೆಂಟರ್ ಫಾರ್ವರ್ಡ್‌ನ ಮದುವೆಗೆ ಮುಂಚಿನ ಪಿಂಗಾಣಿ ಒಡೆಯುವ ಶಾಸ್ತ್ರ. ಹೆಣ್ಣಿನ ಮನೆಯ ಅಂಗಳದಲ್ಲಿ ಇಡೀ ತಂಡ ಹಳೆಯ ತಟ್ಟೆಗಳನ್ನೂ ಒಂದು ಕೈತೊಳೆಯುವ ಬೇಸಿನ್ನನ್ನೂ ಕುಟ್ಟಿ ಪುಡಿ ಮಾಡಿತ್ತು. ಮಯೊನೇಸ್ ಕಲಸಿದ ಸಲಾಡಿನ ಬೋಗುಣಿಯನ್ನು ಯಾರೋ ಮಧ್ಯಾಹ್ನದಿಂದ ಬಿಸಿಲಿನ ಗೋಡೆಯ ಮೇಲೆ ಇಟ್ಟು ಮರೆತಿದ್ದರು, ಅದು ಹಳಸಿತ್ತು.

"ನೀವು ಆರು ಜನ ತಿನ್ಲಿಲ್ವಾ?"

"ನಾವು ಸಾಸೇಜ್ ಪಾರ್ಟಿ," ಎಂದ ಲೆನ್ನರ್ಟ್. ಆಮೇಲೆ ನಗು ಬಿಟ್ಟು, "ಈ ಸಲ ಆಗ್ಲೇ ಎರಡು ಪಂದ್ಯ ಜನ ಸಾಲ್ದೆ ಬಿಟ್ಟಿದೀವಿ. ಇದು ಮೂರನೇದು. ಏಳು ಜನ ನಿಲ್ಲದಿದ್ರೆ ಲೀಗಿಂದ ಹೆಸರು ತೆಗೀತಾರೆ. ಒಂದ್ಸಲ ತೆಗೆದ್ರೆ ಮತ್ತೆ ತಂಡ ಕಟ್ಟೋಕೆ ಈ ಊರಲ್ಲಿ ಹುಡುಗರೆಲ್ಲಿದಾರೆ, ನೀನೇ ಹೇಳು."

"ನನ್ನ ಮುಖ ಯಾಕೆ ನೋಡ್ತಿದೀಯ?"

"ನಿನ್ನ ಆಟಗಾರನ ಗುರುತಿನ ಪಾಸನ್ನ ಯಾರೂ ರದ್ದು ಮಾಡಿಲ್ಲ. ಡ್ರಾಯರಲ್ಲಿ ನೋಡ್ದೆ."

"ನನ್ನ ಮೊಣಕಾಲು?"

"ಅದನ್ನೂ ಕರ್ಕೊಂಡು ಬಾ."

ರೆಫರಿ ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದರು. ಫೋಟೋದಲ್ಲಿ ಗುಂಗುರು ಕೂದಲಿನ, ದಪ್ಪ ಮೀಸೆಯ ಒಬ್ಬ ಚಿಗರೆಯಂಥ ಹುಡುಗನಿದ್ದ. ಎದುರಿಗೆ ಬೋಳುತಲೆಯ, ಅಂಗಿಯೊಳಗೆ ಹೊಟ್ಟೆಯನ್ನು ಪಾರ್ಕ್ ಮಾಡಲು ಹೆಣಗುತ್ತಿದ್ದ ಗೃಹಸ್ಥ.

"ಇದು ನೀವೇನಾ?"

"ಮಾಡೆಲ್ ಅದೇ ಸಾರ್. ಕಿಲೋಮೀಟರ್ ಜಾಸ್ತಿ ಓಡಿದೆ."

ಏಳಾಯಿತು. ಆದರೆ ಹೊಳೆಯಾಚೆಯಿಂದ ಹನ್ನೊಂದು ಜನ ಬಂದಿದ್ದರು, ಬೆಂಚಿನಲ್ಲಿ ಇನ್ನಷ್ಟು ಜನ. ಎಕ್ಕಿ ಮೈದಾನದ ನಡುವೆ ನಿಂತು ಆ ಕಪ್ಪು ಅಂಗಿಗಳನ್ನು ನೋಡಿದ. ಮೂವತ್ತು ವರ್ಷ ಗೂಡಿನಲ್ಲಿ ಕೂತು ಇವರಪ್ಪಂದಿರನ್ನೂ ಇವರನ್ನೂ ಅಣಕಿಸಿದ್ದವನು ಕೊನೆಗೂ ಕೈಗೆ ಸಿಕ್ಕಿದ್ದ. ಇವತ್ತು ಕಾಗೆಗಳು ಕುಕ್ಕಿ ಬಿಡುತ್ತವೆ ಎಂದುಕೊಂಡ. ಕುಕ್ಕಲಿ, ತೊಂಬತ್ತು ನಿಮಿಷ ನಿಂತಿದ್ದರೆ ಸಾಕು. ಮೇಲಿನ ಗೂಡು ಖಾಲಿಯಾಗಿತ್ತು. ತನ್ನ ದನಿಯಿಲ್ಲದ ಮೈದಾನವನ್ನು ಅವನು ಅದೇ ಮೊದಲು ಕೇಳುತ್ತಿದ್ದ.

ಆಗ ಮೈಕು ಗರಗರ ಎಂದಿತು.

"ಮೆಲ್ಲಗೆ, ಮೆಲ್ಲಗೆ, ಕ್ಲಚ್ ಬಿಡಿ ಮೆಲ್ಲಗೆ."

ಅದು ಎಕ್ಕಿಯದೇ ಮಾತು, ಎಕ್ಕಿಯದೇ ರಾಗ, ಕೊನೆಗೊಂದು ನಾಲಿಗೆಯ ಲೊಚಕ್ಕು ಸಮೇತ. ಆದರೆ ಎಕ್ಕಿ ಕೆಳಗಿದ್ದ. ಗೂಡಿನಲ್ಲಿ ಕೂತಿದ್ದವಳು ಟ್ರೌಡೆಲ್, ಮಾಂಸದಂಗಡಿಯ ಟ್ರೌಡೆಲ್, ರಾಬೆನ್ ಕ್ಲಬ್ಬಿನ ಅಧ್ಯಕ್ಷೆ.

"ಎರ್ಲೆನ್‌ನವರು ಇವತ್ತು ಹಳೇ ಗಾಡಿ ಹೊರಗೆ ತೆಗ್ದಿದಾರೆ. ಬ್ರೇಕ್ ಇಲ್ಲ, ಹಾರ್ನ್ ಮಾತ್ರ ಇದೆ. ಪಾದಚಾರಿಗಳು ಜೋಪಾನ." ಜನ ಹೊಟ್ಟೆ ಹಿಡಿದುಕೊಂಡರು. ಟ್ರೌಡೆಲ್ ತನ್ನ ದನಿಗೆ ಮರಳಿದಳು. "ನನ್ನ ಕಾಗೆಗಳಲ್ಲಿ ನಾಲ್ಕು ಹಾರಿ ಬಂದು ಬೆಂಚ್ ಮೇಲೆ ಕೂತ್ಕೊಳ್ಳಿ. ಏಳಕ್ಕೆ ಏಳು."

ರಾಬೆನ್ ಕ್ಯಾಪ್ಟನ್ ಎರಡೂ ಕೈ ಮೇಲೆತ್ತಿ ಇದೇನು ಎಂದು ಸನ್ನೆ ಮಾಡಿದ.

"ನಾಳೆ ಅಂಗಡಿಗೆ ಬರ್ತೀಯಲ್ಲ," ಎಂದಿತು ಮೈಕು. "ಮೂಳೆ ಕೊಡ್ಲೋ ಮಾಂಸ ಕೊಡ್ಲೋ?"

ನಾಲ್ವರು ಹೊರಗೆ ನಡೆದರು. ಎಕ್ಕಿ ಗೂಡಿನ ಕಡೆಗೆ ತಿರುಗಿ ಒಂದು ಕೈ ಎತ್ತಿದ.

ಆಟ ಶುರುವಾಯಿತು. ಎಕ್ಕಿ ಓಡಿದ ಎನ್ನುವುದಕ್ಕಿಂತ, ಚೆಂಡು ಹೋದ ಕಡೆಗೆ ಮುಖ ತಿರುಗಿಸಿದ ಎನ್ನಬೇಕು. ಒಮ್ಮೆ ಚೆಂಡು ತಾನಾಗಿ ಬಂದು ಅವನ ಹೊಟ್ಟೆಗೆ ಬಡಿದು ಹೊರಗೆ ಹೋಯಿತು. "ಅದ್ಭುತವಾದ ರಿವರ್ಸ್," ಎಂದಳು ಟ್ರೌಡೆಲ್. ಅರ್ಧ ಆಟಕ್ಕೆ ರಾಬೆನ್ ಮೂರು ಗೋಲು ಹೊಡೆದಿತ್ತು.

ಉತ್ತರಾರ್ಧದಲ್ಲಿ, ಗೋಲಿನ ಮುಂದೆ ತಿರುಗುವಾಗ, ಮೊಣಕಾಲು ಕೈಕೊಟ್ಟಿತು. ರೆಫರಿ ಬಳಿ ಬಂದು ಬಗ್ಗಿದರು.

"ಹೊರಗೆ ಹೋಗ್ತೀರಾ?"

"ಹೋದ್ರೆ?"

"ಆರಾಗ್ತೀರಿ. ಆಟ ನಿಲ್ಲಿಸ್ಬೇಕು. ಬರದೇ ಇದ್ದ ಹಾಗೇ ಬರ್ಕೋತೀನಿ."

ಎಕ್ಕಿ ತೆವಳಿ ಹೋಗಿ ಗೋಲಿನ ಕಂಬವನ್ನು ಹಿಡಿದು ಎದ್ದು ನಿಂತ. ಹಣೆಯಲ್ಲಿ ಬೆವರು, ಕಣ್ಣಲ್ಲಿ ಮಂಜು. ಕೂತುಬಿಡಲೇ ಎನಿಸಿತು. ಮೈಕಿನಲ್ಲಿ ನಗೆ ನಿಂತಿತು.

"ಎಕ್ಕಿ, ಕೇಳ್ತಿದೆಯೇನೋ," ಎಂದಳು ಟ್ರೌಡೆಲ್. "ಬೆರ್ಟೋಲ್ಡ್ ಹಾಸಿಗೆ ಹಿಡಿದ ಮೇಲೆ, ಭಾನುವಾರ ಬಂದ್ರೆ ಹೊಳೆ ಕಡೆ ಕಿಟಕಿ ತೆಗಿ ಅನ್ನೋನು. ಚಳಿ ಕಣೋ ಅಂದ್ರೆ, ಕಪ್ಪೆ ಇವತ್ತು ನನ್ನನ್ನ ಹೆಂಗೆ ಒದರುತ್ತೆ ಕೇಳ್ಬೇಕು ಅನ್ನೋನು. ನೀನಿಲ್ಲಿ ಅವನ ಥರ ಕೆಮ್ಮಿದ್ರೆ ಅವನಲ್ಲಿ ನಕ್ಕೂ ನಕ್ಕೂ ಕೆಮ್ಮೋನು. ಯಾವುದು ಯಾರ ಕೆಮ್ಮು ಅಂತ ನಂಗೇ ತಿಳೀತಿರ್ಲಿಲ್ಲ. ಈಗ್ಲೂ ಭಾನುವಾರ ಕಿಟಕಿ ತೆಗೆದಿಡ್ತೀನಿ ಮಾರಾಯ. ಎಲ್ಲರ ದನೀನೂ ಬರುತ್ತೆ, ಅವನದೊಂದು ಬಿಟ್ಟು. ಅದು ನಿನ್ನ ಹತ್ರ ಮಾತ್ರ ಇದೆ. ಈ ಮೈಕು ಮುಚ್ಚಿದ್ರೆ ನಾನೆಲ್ಲಿ ಹುಡುಕ್ಲಿ? ನಿಂತ್ಕೋ."

ಎಕ್ಕಿ ಕಂಬವನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡ. ರಾಬೆನ್‌ನ ಫಾರ್ವರ್ಡ್ ಚೆಂಡಿನೊಂದಿಗೆ ಬಂದವನು ಅವನನ್ನು ಬಳಸಿಕೊಂಡು, ದಾರಿಯಲ್ಲಿ ಅಜ್ಜಿಯೊಬ್ಬಳು ಅಡ್ಡ ಸಿಕ್ಕಾಗ ಸೈಕಲ್ಲಿನವನು ಸರಿದು ಹೋಗುವಂತೆ, ಮೆಲ್ಲಗೆ ಹೋಗಿ ಗೋಲು ಹೊಡೆದ. ಇನ್ನೊಂದನ್ನೂ ಹೊಡೆದ. ಕನಿಕರ ಅಲ್ಲಿಯ ತನಕ ಮಾತ್ರ. ಕೊನೆಯ ಸೀಟಿಯಾದಾಗ ಐದು-ಸೊನ್ನೆ. ಎರ್ಲೆನ್‌ನವರು ಗೆದ್ದವರ ಹಾಗೆ ಕೂಗಿಕೊಂಡು ಓಡಿ ಬಂದು ಎಕ್ಕಿಯನ್ನು ಕಂಬದಿಂದ ಬಿಡಿಸಿದರು.

ಟ್ರೌಡೆಲ್ ಗೂಡಿನಿಂದ ಇಳಿದು ಬಂದು ರೂಢಿಯಂತೆ ಹಳೆಯ ಚೆಂಡನ್ನು ಅವನ ಮಡಿಲಿಗಿಟ್ಟಳು. ಜೊತೆಗೆ ಕಾಗದದಲ್ಲಿ ಸುತ್ತಿದ ಒಂದು ಮುದ್ದೆ ಹಂದಿಕೊಬ್ಬು.

"ವಸಂತದಲ್ಲಿ ನಮ್ಮಲ್ಲಿ ಪಂದ್ಯ. ನೀವೇ ಹೊತ್ಕೊಂಡು ಬರ್ಬೇಕು. ಕ್ಲಬ್ಬು ಮುಚ್ತು, ಚೆಂಡು ಕಳೀತು ಅನ್ನೋ ಕಥೆ ನಡೆಯಲ್ಲ."

"ಏಳು ಜನ ಸಿಗದಿದ್ರೆ?"

"ನಮ್ಮ ಬೆಂಚಲ್ಲಿ ಇಬ್ಬರು ಆಡೋಕೆ ಅವಕಾಶ ಸಿಗ್ದೆ ಗೊಣಗ್ತಾ ಕೂತಿದಾರೆ. ಚಳಿಗಾಲದಲ್ಲಿ ಕ್ಲಬ್ಬು ಬದಲಾಯಿಸ್ಬೋದಲ್ಲ, ಕಳಿಸ್ತೀನಿ. ಕಪ್ಪೆ ಅಂಗಿ ಹಾಕ್ಕೊಳ್ಳೋಕೆ ಒಪ್ಸೋದೊಂದೇ ಕಷ್ಟ."

ಎಕ್ಕಿಗೆ ಥ್ಯಾಂಕ್ಸ್ ಎನ್ನಬೇಕಾಗಿತ್ತು. ತನ್ನ ದನಿಯಲ್ಲಿ ಹೇಳಿದರೆ ಅತ್ತುಬಿಡುತ್ತೇನೆಂಬ ಭಯ. ಲೆನ್ನರ್ಟ್‌ನ ಹೆಗಲು ಹಿಡಿದು ಏಣಿಯ ಬುಡಕ್ಕೆ ಕುಂಟಿದ. ಹುಡುಗರು ಮೇಲೆ ಹತ್ತಿ ತಂತಿ ಸಮೇತ ಮೈಕನ್ನು ಕೆಳಗಿಳಿಸಿ ಕೊಟ್ಟರು. ಎಕ್ಕಿ ಎರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ ಕೆಮ್ಮಿದ. ಒಂದು ಉದ್ದ, ಎರಡು ಗಿಡ್ಡ, ನಡುವೆ ಶಿಳ್ಳೆಯಂಥ ಉಸಿರು.

"ಏನ್ರೋ ಕಾಗೆಗಳಾ," ಎಂದಿತು ಬೆರ್ಟೋಲ್ಡ್‌ನ ದನಿ ಹೊಳೆಯ ಎರಡೂ ದಡಕ್ಕೆ ಕೇಳುವಂತೆ, "ಐದೇ ಗೋಲಾ? ನನ್ನ ಕಾಲದಲ್ಲಿ ಎಂಟಕ್ಕಿಂತ ಕಡಿಮೆ ಹೊಡೆದೋರಿಗೆ ಬಿಯರ್ ಇರ್ಲಿಲ್ಲ. ಕಪ್ಪೆಗಳಿಗೋಸ್ಕರ ನಾಲ್ವರು ಹೊರಗೆ ಕೂತಿದ್ದು ಮಾತ್ರ ಒಳ್ಳೇ ಕೆಲಸ. ಟ್ರೌಡೆಲ್, ಕಿಟಕಿ ಹಾಕ್ಬೇಡ ಕಣೇ."

ಟ್ರೌಡೆಲ್ ಏಪ್ರನ್ನಿನ ಅಂಚನ್ನು ಕಣ್ಣಿಗೊತ್ತಿಕೊಂಡು, "ಕೆಮ್ಮು ಸ್ವಲ್ಪ ಜಾಸ್ತಿಯಾಯ್ತು," ಎಂದಳು. "ಮುಂದಿನ ಭಾನುವಾರಕ್ಕೆ ಸರಿಮಾಡ್ಕೋ."

ಎಕ್ಕಿ ಏಣಿಯ ಕೊನೆಯ ಮೆಟ್ಟಿಲಿನ ಮೇಲೆ ಕಾಲು ಚಾಚಿ ಕೂತ. ಕಾಗದ ಬಿಚ್ಚಿ, ಬೆರಳಿನಲ್ಲಿ ಕೊಬ್ಬು ತೆಗೆದುಕೊಂಡು, ವೆಂಡೆಲಿನ್ ಹಾಕಿದ್ದ ಹಳೆಯ ಹೊಲಿಗೆಯ ಗುಂಟ ಮೆಲ್ಲಗೆ ಸವರತೊಡಗಿದ.